ಫೋನೂ ಟಿವಿಯೂ ಒಂದೇ ವೈಫೈನಲ್ಲಿವೆ, ಆದರೂ ಕಾಸ್ಟ್ ಮಾಡಲು (ಫೋನಿನ ವಿಡಿಯೋ ಟಿವಿಯಲ್ಲಿ ಹಾಕಲು) ಹೋದರೆ ಟಿವಿ ಹೆಸರೇ ಬರಲ್ಲ. ಟಿವಿಗೆ ಹಾಕುವ ಹೊಸ ಸ್ಟ್ರೀಮಿಂಗ್ ಸ್ಟಿಕ್ ತಗೊಳ್ಳಲಾ, ಹೊಸ ರೌಟರಾ?

ಎರಡೂ ಬೇಡ. "ಒಂದೇ ವೈಫೈ" ಅಂತ ಬರೆದಿದ್ದೀರಲ್ಲ, ನಾನು ಮೋಸ ಹೋಗಿದ್ದು ಆ ಮಾತಿಗೇ.

ಬೆಂಗಳೂರಿನ ಗಿರಿನಗರದಲ್ಲಿ ನಮ್ಮದು ಮಹಡಿ ಮನೆ. ಫೈಬರ್‌ನವರು ಕೊಟ್ಟ ಡಬ್ಬ ಕೆಳಗೆ, ಟಿವಿ ಪಕ್ಕದಲ್ಲಿ. ಮೇಲೆ ಸಿಗ್ನಲ್ ಸಿಗದೆ ಎಸ್.ಪಿ. ರೋಡಿನಿಂದ ಒಂದು ರೌಟರ್ ತಂದು, ಕೆಳಗಿನಿಂದ ಕೇಬಲ್ ಎಳೆದು ಅದರ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ಜಾಗಕ್ಕೆ) ಹಾಕಿದೆ. ಮತ್ತೆ ಮತ್ತೆ ವೈಫೈ ಬದಲಿಸೋದು ಬೇಡ ಅಂತ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟೆ.

ಆ ವಾರವೇ ಶಿರಸಿಯಲ್ಲಿ ನಮ್ಮತ್ತೆ ಮಗಳ ಮದುವೆ. ಮಂಡಿ ನೋವಿನಿಂದ ಅಮ್ಮ ಹೋಗುವ ಹಾಗಿರಲಿಲ್ಲ. ಧಾರೆಯನ್ನು ಟಿವಿಯಲ್ಲಿ ಲೈವ್ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಬೆಳಗ್ಗೆ ಫೋನ್ ಹಿಡಿದು ಕೆಳಗೆ ಬಂದರೆ ಟಿವಿ ಹೆಸರೇ ಇಲ್ಲ. ಎರಡರಲ್ಲೂ ನೆಟ್ ಓಡ್ತಿದೆ, ಎರಡರಲ್ಲೂ ವೈಫೈ ಹೆಸರು ಒಂದೇ. ಟಿವಿಯೇ ಕೆಟ್ಟಿದೆ ಅಂದುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟೆ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಲಾಗಿನ್ ಆಗುವಷ್ಟರಲ್ಲಿ ಧಾರೆ ಮುಗಿದಿತ್ತು. ಮರುದಿನ ಹೊಸ ಸ್ಟಿಕ್ಕೂ ತಂದೆ. ಅದೂ ಕಾಣಲಿಲ್ಲ.

ತಪ್ಪು ಎಲ್ಲಿತ್ತು ಅಂದರೆ, ಹೆಸರು ಒಂದೇ ಆದರೂ ಮನೆಯಲ್ಲಿ ಎರಡು ನೆಟ್‌ವರ್ಕ್ ಇದ್ದವು. ವ್ಯಾನ್ ಪೋರ್ಟಿಗೆ ಕೇಬಲ್ ಹಾಕಿದರೆ ಆ ರೌಟರ್ ತನ್ನ ಹಿಂದೆ ಬೇರೆಯದೇ ಒಂದು ಬೇಲಿ ಕಟ್ಟಿಕೊಳ್ಳುತ್ತದೆ. ಟಿವಿಯ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ, 192.168.1 ಸಾಲಿನಲ್ಲಿತ್ತು. ನಾನು ಕೆಳಗಿಳಿದು ಬಂದರೂ ಫೋನು ಮೇಲಿನ ರೌಟರನ್ನೇ ಹಿಡಿದುಕೊಂಡು 192.168.0 ಸಾಲಿನಲ್ಲಿತ್ತು. ಹೆಸರು ಬೇರೆ ಇಟ್ಟಿದ್ದರೆ ಅದು ಆವತ್ತೇ ಕಣ್ಣಿಗೆ ಬೀಳುತ್ತಿತ್ತು. ಕಾಸ್ಟ್ ಗುರುತು ತೋರಿಸೋಕೆ ಮುಂಚೆ ಫೋನ್ 224.0.0.251 ಅನ್ನೋ ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ, "ಇಲ್ಲಿ ಯಾರಿದ್ದೀರಿ" ಅಂತ ಕೂಗುತ್ತದೆ. ಆ ಕೂಗು ತನ್ನ ನೆಟ್‌ವರ್ಕಿನ ಬೇಲಿ ದಾಟುವುದಿಲ್ಲ. ಮೇಲಿನಿಂದ ಟಿವಿಯ ಐಪಿಗೆ ಪಿಂಗ್ ಮಾಡಿದರೆ, ಅಂದರೆ ಆ ವಿಳಾಸಕ್ಕೇ ನೇರವಾಗಿ "ಇದ್ದೀಯಾ" ಅಂತ ಕೇಳಿದರೆ, ಉತ್ತರ ಬರುತ್ತಿತ್ತು, ಅದಕ್ಕೇ ನನಗೆ ಇನ್ನಷ್ಟು ದಿನ ಹೊಳೆಯಲಿಲ್ಲ.

ಈಗಲೇ ಫೋನಿನ ವೈಫೈ ಸೆಟ್ಟಿಂಗಿನಲ್ಲೂ ಟಿವಿಯ ನೆಟ್‌ವರ್ಕ್ ಸೆಟ್ಟಿಂಗಿನಲ್ಲೂ ಐಪಿ ನೋಡಿ. ಚುಕ್ಕಿಗಳಿಂದ ಬೇರೆಯಾದ ಮೊದಲ ಮೂರು ಸಂಖ್ಯೆ (192.168.1 ಥರದ್ದು) ಬೇರೆ ಇದ್ದರೆ ನಿಮ್ಮದೂ ನನ್ನದೇ ಕಥೆ. ಎರಡನೇ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಆಗ ಅದು ಬೇರೆ ಬೇಲಿ ಕಟ್ಟದೆ ಮೊದಲ ರೌಟರಿನ ನೆಟ್‌ವರ್ಕನ್ನೇ ಹರಡುತ್ತದೆ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಫೋನು, ಟಿವಿಗಳಿಗೆ ಐಪಿ ಹಂಚುವ ಕೆಲಸ) ಆಫ್ ಮಾಡಿ, ಅದಕ್ಕೆ ಮೊದಲ ರೌಟರಿನ ಸಾಲಿನಲ್ಲೇ ಖಾಲಿ ಇರುವ ಒಂದು ಐಪಿ ಕೊಟ್ಟು, ಕೇಬಲ್ಲನ್ನು ವ್ಯಾನ್‌ನಿಂದ ತೆಗೆದು ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳಿಗಿರುವ ಪೋರ್ಟಿಗೆ) ಬದಲಿಸಿ. ಸಂಖ್ಯೆ ಒಂದೇ ಇದ್ದರೆ ಗೆಸ್ಟ್ ವೈಫೈ, ರೌಟರಿನ ಎಪಿ ಐಸೊಲೇಷನ್ (ಒಂದೇ ವೈಫೈನ ಸಾಧನಗಳು ಒಂದಕ್ಕೊಂದು ಕಾಣದಂತೆ ಮಾಡುವ ಸೆಟ್ಟಿಂಗ್), ಫೋನಿನ ವಿಪಿಎನ್ ನೋಡಿ. ಮೂರೂ ಆಫ್ ಇರಬೇಕು. ಸ್ಪೀಡ್ ಪ್ಲಾನ್ ಏರಿಸಿ ಅನ್ನೋರ ಮಾತು ಕೇಳಬೇಡಿ. ಇಲ್ಲಿ ಟಿವಿ ಸಿಗುತ್ತಿಲ್ಲ ಅನ್ನೋದೇ ತೊಂದರೆ, ಸ್ಪೀಡಿಗೂ ಅದಕ್ಕೂ ಸಂಬಂಧವಿಲ್ಲ.

ಇವತ್ತೇ ಏನಾದರೂ ನೋಡಲೇಬೇಕು ಅಂತಿದ್ದರೆ, ಟಿವಿಯ ಯೂಟ್ಯೂಬ್ ಸೆಟ್ಟಿಂಗಿನಲ್ಲಿ ಒಂದು ಕೋಡ್ ಸಿಗುತ್ತದೆ, ಅದನ್ನು ಫೋನಿನ ಯೂಟ್ಯೂಬಿಗೆ ಹಾಕಿ. ಆ ಜೋಡಣೆ ಇಂಟರ್ನೆಟ್ ಮೂಲಕವೇ ಆಗುವುದರಿಂದ ಬೇಲಿ ಅಡ್ಡ ಬರುವುದಿಲ್ಲ. ಆ ಬೆಳಗ್ಗೆ ನನಗೆ ಇಷ್ಟು ಗೊತ್ತಿದ್ದಿದ್ದರೆ ಅಮ್ಮ ಧಾರೆ ನೋಡುತ್ತಿದ್ದರು.