ಕಲ್ಲುಸಕ್ಕರೆಯ ಹಾಗೆ ಬೆಳೆಯುವ ಬೆಣಚುಕಲ್ಲು

ಪ್ರಶ್ನೆ: ಗಡಿಯಾರ, ರೇಡಿಯೊಗಳಿಗೆ ಬೇಕಾದ ಕ್ವಾರ್ಟ್ಜ್ ಹರಳನ್ನು ಕಾರ್ಖಾನೆಯಲ್ಲಿ ಬೆಳೆಸುತ್ತಾರಂತೆ. ಮರಳು ಕರಗಿಸಿ ಆರಿಸಿದರೆ ಸಾಕಲ್ವಾ? ಮನೆಯಲ್ಲಿ ಮಾಡಬಹುದೇ?
– ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸಾಲದು. ಮರಳನ್ನು ಸುಮಾರು 1,700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಆರಿಸಿದರೆ ಸಿಗುವುದು ಗಾಜು. ಕರಗಿದ ಸಿಲಿಕಾ, ಅಂದರೆ ಮರಳಿನ ಮುಖ್ಯ ವಸ್ತು, ತುಂಬಾ ಮಂದ. ಕಣಗಳು ಸಾಲಾಗಿ ಕೂರುವ ಮೊದಲೇ ಬಿಗಿದುಹೋಗುತ್ತದೆ. ಅದೂ ಅಲ್ಲದೆ, ನಮಗೆ ಬೇಕಾದ ರಚನೆ ಇರುವುದು 573 ಡಿಗ್ರಿಯ ಕೆಳಗೆ. ಹಾಗಾಗಿ ನೀರಿನಲ್ಲೇ ಕರಗಿಸಬೇಕು.

ದಾರ ಇರುವ ಕಲ್ಲುಸಕ್ಕರೆ ನೋಡಿದ್ದೀರಲ್ಲ? ಪಾಕದಲ್ಲಿ ಇಳಿಬಿಟ್ಟ ದಾರಕ್ಕೇ ಸಕ್ಕರೆ ಅಂಟಿ ಬೆಳೆಯುತ್ತದೆ. ಇಲ್ಲೂ ಹಾಗೇ. ಹರಳು ಬೆಳೆಯುವುದು ದಪ್ಪ ಗೋಡೆಯ ಉದ್ದನೆಯ ಉಕ್ಕಿನ ಪಾತ್ರೆಯಲ್ಲಿ, ಅದಕ್ಕೆ ಆಟೋಕ್ಲೇವ್ ಎನ್ನುತ್ತಾರೆ. ತಳದಲ್ಲಿ ಬೆಣಚುಕಲ್ಲಿನ, ಅಂದರೆ ಕ್ವಾರ್ಟ್ಜ್‌ನ, ಚೂರುಗಳು. ಮೇಲೆ ತಂತಿಗೆ ನೇತುಹಾಕಿದ ತೆಳು ಕ್ವಾರ್ಟ್ಜ್ ಪಟ್ಟಿಗಳು, ಅವೇ ಬೀಜ. ನಡುವೆ ತೂತಿನ ತಟ್ಟೆ. ಕಾಸ್ಟಿಕ್ ಸೋಡಾ ಅಥವಾ ಸೋಡಿಯಂ ಕಾರ್ಬೊನೇಟ್ ಕದಡಿದ ನೀರನ್ನು ಸುಮಾರು ಮುಕ್ಕಾಲು ಪಾಲಿಗಿಂತ ತುಸು ಜಾಸ್ತಿ ತುಂಬಿ ಮುಚ್ಚಳ ಬಿಗಿಯುತ್ತಾರೆ. ಕಾಯಿಸಿದಾಗ ನೀರು ಹಿಗ್ಗಿ ಪಾತ್ರೆಯನ್ನೆಲ್ಲ ತುಂಬುತ್ತದೆ. ಅಡುಗೆ ಕುಕ್ಕರಿನೊಳಗಿನ ಒತ್ತಡ ಹೊರಗಿನ ಗಾಳಿಯ ಸುಮಾರು ಎರಡು ಪಟ್ಟು. ಇದರಲ್ಲಿ ಸಾವಿರ ಪಟ್ಟು ದಾಟಬಹುದು!

ತಳದಲ್ಲಿ ಬಿಸಿ 350ರಿಂದ 400 ಡಿಗ್ರಿ, ಮೇಲೆ ಸ್ವಲ್ಪ ಕಡಿಮೆ. ಕೆಳಗೆ ಚೂರು ಕರಗುತ್ತದೆ, ಬಿಸಿ ದ್ರಾವಣ ಮೇಲೇರುತ್ತದೆ. ಅಲ್ಲಿ ತುಸು ತಣ್ಣಗಾದಾಗ ಹಿಡಿದಿಟ್ಟುಕೊಳ್ಳಲಾಗದ ಸಿಲಿಕಾ ಬೀಜದ ಮೇಲೆ ಕೂರುತ್ತದೆ. ದಿನಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. ದೊಡ್ಡ ಹರಳಿಗೆ ತಿಂಗಳುಗಟ್ಟಲೆ ಕಾಯಬೇಕು. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ತಾಳ್ಮೆಯೇ. ಅವಸರ ಮಾಡಿದರೆ ಬಿರುಕು ಬಿಡುತ್ತದೆ, ಕಲ್ಮಶ ಸೇರುತ್ತದೆ, ಆಮೇಲೆ ಹರಳು ಹದವಾಗಿ ಕಂಪಿಸುವುದಿಲ್ಲ. ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸಬೇಕಲ್ಲ! ಬೆಳೆದ ಹರಳನ್ನು ಬೆಳಕಿಗೆ ಹಿಡಿದರೆ ಒಮ್ಮೊಮ್ಮೆ ನಡುವೆ ಬೀಜದ ಸಣ್ಣ ಗೆರೆ ಕಾಣುತ್ತದೆ. ಆ ಭಾಗ ಬಿಟ್ಟು ಬಿಲ್ಲೆ ಕತ್ತರಿಸುತ್ತಾರೆ.

ಇಟಲಿಯ ಟ್ಯೂರಿನ್‌ನಲ್ಲಿ ವಿಜ್ಞಾನಿ ಜಾರ್ಜಿಯೊ ಸ್ಪೆಜಿಯಾ 1900ರ ಆಸುಪಾಸಿನಲ್ಲೇ ಹೀಗೆ ಹರಳು ಬೆಳೆಸಿದ್ದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ರೇಡಿಯೊಗಳಿಗಾಗಿ ಬ್ರೆಜಿಲ್‌ನ ಕಲ್ಲನ್ನೇ ನೆಚ್ಚಿಕೊಂಡಿತ್ತು. ನೆಲದಲ್ಲಿ ಸಿಗುವ ಹರಳಿನಲ್ಲಿ ಎರಡು ದಿಕ್ಕಿನ ಬೆಳವಣಿಗೆ ಹೆಣೆದುಕೊಂಡಿರುವುದುಂಟು, ಬಹಳಷ್ಟು ವ್ಯರ್ಥ. ಯುದ್ಧ ಮುಗಿದ ಮೇಲೆ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್ ಈ ವಿಧಾನವನ್ನು ಕಾರ್ಖಾನೆಯ ಮಟ್ಟಕ್ಕೆ ತಂದಿತು.

ಮನೆಯಲ್ಲಿ ಮಾತ್ರ ದಯವಿಟ್ಟು ಬೇಡ. ಆ ಒತ್ತಡದಲ್ಲಿ ಪಾತ್ರೆ ಸಿಡಿದರೆ ಜೀವಕ್ಕೇ ಅಪಾಯ. ಕೈಗೆ ಅಭ್ಯಾಸ ಆಗಬೇಕಾ? ಅಂಗಡಿಯಿಂದ ಪಟಿಕ ತನ್ನಿ. ಬಿಸಿನೀರಿನಲ್ಲಿ ಕರಗುವಷ್ಟು ಕರಗಿಸಿ, ಪೂರ್ತಿ ಆರಿದ ಮೇಲೆ ಒಂದು ಪುಟ್ಟ ಹರಳನ್ನು ದಾರಕ್ಕೆ ಕಟ್ಟಿ ಇಳಿಬಿಡಿ. ಒಂದು ವಾರ ಅಲ್ಲಾಡಿಸಬೇಡಿ.