ಬರೆ ಕುಸಿದರೆ ಇಲ್ಲಿ ಯಾರು ಬರುತ್ತಾರೆ?

ತಮ್ಮಾ,

ನೀನು ಕೇಳಿದ್ದು ಇಷ್ಟು: ಕೊಡಗಿನ ಮಕ್ಕಂದೂರು ಕಡೆಯಿಂದ ಬಂದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಆಶ್‌ವಿಲ್ ಪಕ್ಕ ಬಾಡಿಗೆ ಮನೆ ಹಿಡಿದಿದ್ದೀಯ. ಹಿಂದೆ ಗುಡ್ಡ, ಮುಂದೆ ತೋಡು, ನೋಡಿದರೆ ನಮ್ಮೂರೇ. ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥವರು, ಒಂದು ಪಕ್ಷ; ಅಧ್ಯಕ್ಷರು ಇನ್ನೊಂದು ಪಕ್ಷ. 2018ರಲ್ಲಿ ಊರಲ್ಲಿ ಆದ ಹಾಗೆ ಇಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದರೆ, ಇವರು ಕಿತ್ತಾಡುತ್ತಾ ಕೂತರೆ, ಎಚ್‌1ಬಿ ಕೆಲಸದ ವೀಸಾ ಮೇಲೆ ಇರುವ ನಮಗೆ ಗತಿ ಯಾರು?

ಪಕ್ಷ ಇಲ್ಲಿಯೂ ಇದೆ. ಆದರೆ ಎಲ್ಲ ಮೆಟ್ಟಿಲಲ್ಲೂ ಇಲ್ಲ. ಯಾವ ಮೆಟ್ಟಿಲಲ್ಲಿ ಕೂತಿದೆ ಎಂದು ಗೊತ್ತಿದ್ದರೆ ಅಲ್ಲಿ ಕಾಯಬಹುದು, ಉಳಿದ ಕಡೆ ನಿನ್ನ ಕೆಲಸ ನೀನು ಮುಗಿಸಿಕೊಳ್ಳಬಹುದು.

ಮೊದಲು ಊರಿನದನ್ನೇ ಸರಿಯಾಗಿ ನೋಡು. 2018ರ ಆಗಸ್ಟ್‌ನಲ್ಲಿ ರಾಜ್ಯದಲ್ಲಿ ಜೆಡಿಎಸ್-ಕಾಂಗ್ರೆಸ್, ಕೇಂದ್ರದಲ್ಲಿ ಬಿಜೆಪಿ. ಆಗಸ್ಟ್ 24ರಂದು ಕೊಡಗಿಗೆ ಬಂದ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೂ ಉಸ್ತುವಾರಿ ಸಚಿವ ಸಾ.ರಾ. ಮಹೇಶ್ ಅವರಿಗೂ ಕ್ಯಾಮೆರಾ ಎದುರೇ ಮಾತಿಗೆ ಮಾತು ಬೆಳೆಯಿತು. ಜನರ ನೆನಪಲ್ಲಿ ಉಳಿದದ್ದು ಅದು. ದುಡ್ಡಿನ ದಾರಿ ಮಾತ್ರ ಬೇರೆ. ರಾಜ್ಯ ವಿಪತ್ತು ನಿಧಿಗೆ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ ಶೇ 75, ರಾಜ್ಯ ಶೇ 25 ಹಾಕಬೇಕು. ಇದು ಹಣಕಾಸು ಆಯೋಗದ ಲೆಕ್ಕದಂತೆ ಮೊದಲೇ ನಿಗದಿಯಾಗುತ್ತದೆ, ಯಾರ ಸರ್ಕಾರವಿದ್ದರೂ ಬರುತ್ತದೆ. ಅದು ಸಾಲದಾದಾಗ ರಾಷ್ಟ್ರೀಯ ನಿಧಿ. ಅದಕ್ಕೆ ರಾಜ್ಯ ಮನವಿ ಕೊಡಬೇಕು, ಕೇಂದ್ರ ತಂಡ ಬಂದು ನೋಡಬೇಕು, ದೆಹಲಿಯ ಉನ್ನತ ಸಮಿತಿ ಒಪ್ಪಬೇಕು. ಜಗ್ಗಾಟವೆಲ್ಲ ಈ ಎರಡನೆಯದರಲ್ಲಿ. 2023ರ ಬರಗಾಲಕ್ಕೆ ಕರ್ನಾಟಕ 18,171 ಕೋಟಿ ಕೇಳಿ, ಸಿಗದೆ, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಹಾಗೆಂದು ಎರಡೂ ಕಡೆ ಒಂದೇ ಪಕ್ಷವಿದ್ದರೆ ಹಣ ಓಡೋಡಿ ಬರುತ್ತದೆ ಎಂದುಕೊಳ್ಳಬೇಡ. 2019ರಲ್ಲಿ ಹಾಗೆಯೇ ಇತ್ತು. ಆಗಸ್ಟ್ ಮೊದಲ ವಾರದ ಪ್ರವಾಹಕ್ಕೆ ಕೇಂದ್ರದ 1,200 ಕೋಟಿ ಮಧ್ಯಂತರ ನೆರವು ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು.

ಇಲ್ಲಿ ಮೊದಲೇ ಲೆಕ್ಕ ಹಾಕಿ ರಾಜ್ಯದ ಕೈಗೆ ಕೊಡುವ ಅಂಥ ನಿಧಿ ಇಲ್ಲ. ಈ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ವಾಸಿ ಎನ್ನುತ್ತೇನೆ. 1988ರ ಸ್ಟಾಫರ್ಡ್ ಕಾಯ್ದೆಯ ಪ್ರಕಾರ ಮೊದಲು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಎಮರ್ಜೆನ್ಸಿ ಮ್ಯಾನೇಜರ್ ಹಾನಿ ಪಟ್ಟಿ ಮಾಡುತ್ತಾನೆ. ನಮ್ಮ ತಹಶೀಲ್ದಾರರ ಕೆಲಸವನ್ನು ಮಾಡುವವನು ಇವನೇ ಅಂದುಕೋ. ಆಮೇಲೆ ರಾಜ್ಯದವರೂ ಫೀಮಾ ಎಂಬ ಇಲ್ಲಿನ ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆಯವರೂ ಜೊತೆಯಾಗಿ ಬಂದು ಮಹಜರು ಮಾಡುತ್ತಾರೆ. ಗವರ್ನರ್ 30 ದಿನದೊಳಗೆ ಅಧ್ಯಕ್ಷರಿಗೆ ಮನವಿ ಕಳಿಸಬೇಕು. ಅಧ್ಯಕ್ಷರು ಸಹಿ ಹಾಕಿದರೆ 'ಮಹಾ ವಿಪತ್ತು' ಘೋಷಣೆ. ಅದೂ ಇಡೀ ರಾಜ್ಯಕ್ಕಲ್ಲ, ಕೌಂಟಿ ಕೌಂಟಿಗೆ. ನಿನ್ನ ಕೌಂಟಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಪಕ್ಕದ ಕೌಂಟಿಯವನಿಗೆ ಸಿಕ್ಕಿದ್ದು ನಿನಗೆ ಸಿಗುವುದಿಲ್ಲ.

ಘೋಷಣೆಯಲ್ಲೂ ಎರಡು ಬಗೆ. ರಸ್ತೆ, ಸೇತುವೆ, ನೀರಿನ ಪೈಪಿಗೆ ಕೊಡುವುದು ಒಂದು. ಇದರಲ್ಲಿ ಫೆಡರಲ್, ಅಂದರೆ ಕೇಂದ್ರದ, ಪಾಲು ಕನಿಷ್ಠ ಶೇ 75, ನಮ್ಮದರಂತೆಯೇ. ಮನೆಮಂದಿಗೆ ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ಅಳತೆಗೋಲಿದೆ: 2025ರ ಹಣಕಾಸು ವರ್ಷದಲ್ಲಿ ಹಾನಿ ರಾಜ್ಯದ ಜನಸಂಖ್ಯೆಯ ತಲೆಗೆ 1.89 ಡಾಲರ್ ದಾಟಿರಬೇಕಿತ್ತು. ಎರಡನೆಯದಕ್ಕೆ ಅಂಥ ಗಟ್ಟಿ ಅಂಕಿ ಇಲ್ಲ. ಅಳತೆ ದಾಟಿದರೂ ಕೊಡಲೇಬೇಕು ಎಂದೇನಿಲ್ಲ, ಕೊನೆಯ ಮಾತು ಅಧ್ಯಕ್ಷರದು. ಕೋರ್ಟಿನಲ್ಲಿ ಪ್ರಶ್ನಿಸುವುದೂ ಬಹಳ ಕಷ್ಟ. ರಾಜಕೀಯ ಕೂತಿರುವ ಮೊದಲ ಜಾಗ ಇದು.

ಅಲ್ಲಿಯೂ ಲೆಕ್ಕ ಅಷ್ಟು ಸಲೀಸಲ್ಲ. 2025ರ ಏಪ್ರಿಲ್‌ನಲ್ಲಿ ಡೆಮಾಕ್ರಟಿಕ್ ಗವರ್ನರ್ ಇರುವ ವಾಷಿಂಗ್ಟನ್ ರಾಜ್ಯದ ಮನವಿ ತಿರಸ್ಕಾರವಾಯಿತು. ಅದೇ ತಿಂಗಳು ಅಧ್ಯಕ್ಷರ ಸ್ವಂತ ಪಕ್ಷದ ಗವರ್ನರ್ ಇರುವ ಅರ್ಕಾನ್ಸಾಸ್‌ಗೂ ಇಲ್ಲ ಎಂದರು. ಮೇಲ್ಮನವಿ ಹಾಕಿದ ಮೇಲೆ ಮೇ ತಿಂಗಳಲ್ಲಿ ಒಪ್ಪಿದರು. ನಿಮ್ಮ ರಾಜ್ಯದ್ದೇ ನೋಡು: 2024ರ ಸೆಪ್ಟೆಂಬರ್ ಕೊನೆಯ ಹೆಲೀನ್ ಚಂಡಮಾರುತಕ್ಕೆ ಘೋಷಣೆ ಎರಡೇ ದಿನದಲ್ಲಿ ಬಂತು. ಕಸ-ಮರ ತೆಗೆಯುವ ಖರ್ಚನ್ನು ಪೂರ್ತಿಯಾಗಿ ಫೆಡರಲ್ ಸರ್ಕಾರವೇ ಹೊರುವ ಅವಧಿ ಇನ್ನಷ್ಟು ವಿಸ್ತರಿಸಿ ಎಂದು ಗವರ್ನರ್ ಕೇಳಿದಾಗ ಹೊಸದಾಗಿ ಬಂದ ಟ್ರಂಪ್ ಆಡಳಿತ ಒಪ್ಪಲಿಲ್ಲ. ಅಂದರೆ ಪಕ್ಷದ ಬಿಸಿ ಮೊದಲು ತಟ್ಟುವುದು ರಾಜ್ಯ, ಕೌಂಟಿಗಳ ಬೊಕ್ಕಸಕ್ಕೆ. ನಿನ್ನ ಮನೆಬಾಗಿಲಿಗೆ ಬರುವುದು ಆಮೇಲೆ, ರಸ್ತೆ ತಡವಾದಾಗ.

ಎರಡನೆಯ ಜಾಗ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು. 2005ರ ಕತ್ರೀನಾ ಚಂಡಮಾರುತಕ್ಕೆ ಹತ್ತೇ ದಿನದಲ್ಲಿ ದೊಡ್ಡ ಮೊತ್ತ ಪಾಸಾಯಿತು. 2012ರ ಅಕ್ಟೋಬರ್ ಕೊನೆಯ ಸ್ಯಾಂಡಿಗೆ ಸುಮಾರು 50 ಬಿಲಿಯನ್ ಡಾಲರ್‌ನ ಮಸೂದೆ ಮುಗಿಯುವ ಹೊತ್ತಿಗೆ ಜನವರಿ ಕೊನೆ. ನಿನಗೆ ನೇರ ತಾಗುವುದು ಇನ್ನೊಂದು: ಪ್ರವಾಹ ವಿಮೆಯ ರಾಷ್ಟ್ರೀಯ ಯೋಜನೆಗೆ ಕಾಂಗ್ರೆಸ್ ಮತ್ತೆ ಮತ್ತೆ ಅವಧಿ ವಿಸ್ತರಿಸಬೇಕು. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಬಜೆಟ್ ಜಗಳದಲ್ಲಿ ಸರ್ಕಾರ ಮುಚ್ಚಿದ್ದಾಗ ಆ ಅವಧಿಯೂ ಮುಗಿದುಹೋಗಿ ಹೊಸ ಪಾಲಿಸಿ ಕೊಡುವುದೇ ನಿಂತಿತ್ತು. 'ಮುಂದಿನ ತಿಂಗಳು ಮಾಡಿಸೋಣ' ಎಂದು ಕಾದರೆ ಸಿಕ್ಕಿಬೀಳುವುದು ಹೀಗೆ.

ಕೆಳಗಿನ ಸಿಬ್ಬಂದಿ ಪಕ್ಷ ನೋಡುತ್ತಾರಾ? ಒಮ್ಮೆ ಆಗಿದೆ. 2024ರಲ್ಲಿ ಫ್ಲೋರಿಡಾದಲ್ಲಿ ಫೀಮಾದ ಒಬ್ಬ ಮೇಲ್ವಿಚಾರಕಿ, ಟ್ರಂಪ್ ಫಲಕ ಹಾಕಿದ ಮನೆಗಳನ್ನು ಬಿಟ್ಟುಬಿಡಿ ಎಂದು ತಂಡಕ್ಕೆ ಹೇಳಿದ್ದು ಬಯಲಾಗಿ ಕೆಲಸ ಕಳೆದುಕೊಂಡರು. ಸ್ಟಾಫರ್ಡ್ ಕಾಯ್ದೆಯ ತಾರತಮ್ಯ ನಿಷೇಧದ ಸಾಲಿನಲ್ಲಿ ಜನಾಂಗ, ಬಣ್ಣ, ಧರ್ಮ, ರಾಷ್ಟ್ರೀಯತೆ, ಲಿಂಗ, ವಯಸ್ಸು, ಅಂಗವೈಕಲ್ಯ, ಇಂಗ್ಲಿಷ್ ಜ್ಞಾನ, ಆರ್ಥಿಕ ಸ್ಥಿತಿ ಎಲ್ಲ ಇವೆ. ಪಕ್ಷ ಎಂಬ ಪದ ಇಲ್ಲ. ಅದು ಇರಬೇಕಿತ್ತು.

ಅದಕ್ಕಿಂತ ಹೆಚ್ಚು ಜನ ಕೆಟ್ಟದ್ದು ಗಾಳಿಸುದ್ದಿಯಿಂದ. ಹೆಲೀನ್ ಸಮಯದಲ್ಲಿ 'ಫೀಮಾ ಕೊಡುವುದು ಬರೀ 750 ಡಾಲರ್', 'ಅದು ಸಾಲ, ತೀರಿಸದಿದ್ದರೆ ಜಮೀನು ಕಿತ್ತುಕೊಳ್ಳುತ್ತಾರೆ' ಎಂದು ಹಬ್ಬಿಸಿದರು. 750 ಎಂದರೆ ಆಹಾರ, ಹಾಲಿನ ಪುಡಿ, ಔಷಧಿಯಂಥ ತುರ್ತಿಗೆ ಮೊದಲು ಕೊಡುವ ಹಣ, ತೀರಿಸಬೇಕಾಗಿಲ್ಲ. ಹೆಲೀನ್‌ನ ಆಮೇಲೆ, 2024ರ ಅಕ್ಟೋಬರ್ 1ರಿಂದ ಶುರುವಾದ ಹಣಕಾಸು ವರ್ಷದಲ್ಲಿ ಘೋಷಿತವಾದ ವಿಪತ್ತುಗಳಿಗೆ ಮನೆಯ ಬಾಬ್ತಿನ ನೆರವಿಗೆ ಮಿತಿ 43,600 ಡಾಲರ್, ಇತರ ಅಗತ್ಯಕ್ಕೆ ಮತ್ತೊಂದು 43,600 ಇತ್ತು. ಮಿತಿ ಎಂದೆ, ಕೈಗೆ ಬರುವ ಮೊತ್ತ ಸಾಮಾನ್ಯವಾಗಿ ಇದಕ್ಕಿಂತ ತುಂಬಾ ಕಡಿಮೆ. ಆ ಸುದ್ದಿ ನಂಬಿ ಅರ್ಜಿಯನ್ನೇ ಹಾಕದವನಿಗೆ ಅದೂ ಇಲ್ಲ. ಯಾರ ಮೇಲಿನ ಸಿಟ್ಟಿಗೂ ಅರ್ಜಿ ಬಿಡಬೇಡ.

ಮೂರನೆಯ ಜಾಗ ಯಾರ ಕಣ್ಣಿಗೂ ಬೀಳದ್ದು, ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ್ದು: ಮಳೆಗೆ ಮುಂಚಿನ ಕೆಲಸ. 2004ರ ಚಂಡಮಾರುತಗಳ ನಂತರ ನಾರ್ತ್ ಕೆರೊಲಿನಾ ತನ್ನ ಗುಡ್ಡಗಾಡು ಕೌಂಟಿಗಳಿಗೆ ಕುಸಿತದ ನಕ್ಷೆ ಮಾಡಲು ಶುರುಮಾಡಿತು. ನಾಲ್ಕು ಕೌಂಟಿ ಮುಗಿಯುವಷ್ಟರಲ್ಲಿ, 2011ರಲ್ಲಿ ಶಾಸನಸಭೆ ದುಡ್ಡು ನಿಲ್ಲಿಸಿತು. ಗುಡ್ಡದ ಮೇಲೆ ಮನೆ ಮಾರುವವರಿಗೆ ಆ ನಕ್ಷೆ ಬೇಡವಾಗಿತ್ತು. ಮತ್ತೆ ಶುರುವಾದದ್ದು 2018ರಲ್ಲಿ. ಹೆಲೀನ್‌ನಲ್ಲಿ 2,000ಕ್ಕೂ ಹೆಚ್ಚು ಕಡೆ ಗುಡ್ಡ ಕುಸಿಯಿತು. ಟೆಕ್ಸಸ್‌ನ ಕೆರ್ ಕೌಂಟಿಯಲ್ಲೂ ನದಿದಂಡೆಗೆ ಸೈರನ್ ಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆದು ದುಡ್ಡಿನ ಪ್ರಶ್ನೆಗೆ ನಿಂತಿತ್ತು, 2025ರ ಜುಲೈ 4ರ ಬೆಳಗಿನ ಜಾವ ನೀರು ಬರುವವರೆಗೂ. ಪರಿಹಾರ ಹಂಚಿದವರಿಗೆ ಮತದಾರ ಮತ ಕೊಡುತ್ತಾನೆ, ಮುನ್ನೆಚ್ಚರಿಕೆಗೆ ಖರ್ಚು ಮಾಡಿದವರಿಗೆ ಕೊಡುವುದಿಲ್ಲ ಎಂದು ಆಂಡ್ರ್ಯೂ ಹೀಲಿ, ನೀಲ್ ಮಲ್ಹೋತ್ರಾ 2009ರಲ್ಲೇ ಇಲ್ಲಿನ ಚುನಾವಣಾ ಲೆಕ್ಕದಿಂದ ತೋರಿಸಿದ್ದಾರೆ. ಗುಡ್ಡ ಅಗೆದು ಹೋಂಸ್ಟೇ ಕಟ್ಟುವುದನ್ನು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಶ್‌ವಿಲ್ ಇರುವ ಬಂಕಂಬ್ ಕೌಂಟಿಯ ನಕ್ಷೆ ಆಗಿದೆ, ರಾಜ್ಯದ ಭೂವಿಜ್ಞಾನ ಇಲಾಖೆಯ ಜಾಲತಾಣದಲ್ಲಿದೆ. ಬಾಡಿಗೆ ಕರಾರು ನವೀಕರಿಸುವ ಮೊದಲು ನಿನ್ನ ವಿಳಾಸ ಹಾಕಿ ನೋಡು.

ಈಗ ನಿನ್ನ ಕೈಯಲ್ಲಿರುವುದು.

ಎಚ್‌1ಬಿ ಇರುವವನಿಗೆ ಫೀಮಾದ ನಗದು ನೆರವು ಇಲ್ಲ. ಪ್ರಜೆ, ಗ್ರೀನ್ ಕಾರ್ಡ್‌ನವರು, ಆಶ್ರಯ ಪಡೆದವರು ಮತ್ತು ಅಂಥ ಕೆಲವರಿಗೆ ಮಾತ್ರ. ಶಿಬಿರ, ಊಟ, ನೀರಿನಂಥ ತುರ್ತು ನೆರವಿಗೆ ವೀಸಾ ಕೇಳುವುದಿಲ್ಲ. ಆದರೆ ಇಲ್ಲೇ ಹುಟ್ಟಿದ ನಿನ್ನ ಮಗು ಪ್ರಜೆ. ಮಗು ನಿಮ್ಮ ಜೊತೆ ವಾಸವಿದ್ದರೆ, ಅದರ ಸೋಷಿಯಲ್ ಸೆಕ್ಯೂರಿಟಿ ನಂಬರ್ ಇದ್ದರೆ, ಮಗುವಿನ ಪರವಾಗಿ ನೀನು ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಎಷ್ಟೋ ನಮ್ಮವರು ಅರ್ಜಿಯನ್ನೇ ಹಾಕುವುದಿಲ್ಲ. ಘೋಷಣೆಯಾದ ದಿನದಿಂದ 60 ದಿನ ಅವಧಿ. ಒಂದು ಮನೆಗೆ ಒಂದೇ ಅರ್ಜಿ. ನೀನೊಂದು, ನಿನ್ನ ಹೆಂಡತಿಯೊಂದು ಹಾಕಿದರೆ ಎರಡೂ ತಡೆಯಲ್ಲಿ ಬೀಳುತ್ತವೆ.

ಹೆಸರಿನ ಗೋಜಲು ಬಿಡಿಸಿಕೋ. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಎಂಬ ನಮ್ಮ ಕೊಡಗಿನ ರೂಢಿ ಇಲ್ಲಿನ ಕಂಪ್ಯೂಟರಿಗೆ ಹಿಡಿಸುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದು ಥರ, ಬಾಡಿಗೆ ಕರಾರಿನಲ್ಲಿ ಇನ್ನೊಂದು ಥರ, ಕರೆಂಟ್ ಬಿಲ್ಲಿನಲ್ಲಿ ಇನಿಷಿಯಲ್ ಮಾತ್ರ ಇದ್ದರೆ 'ಗುರುತು ದೃಢಪಟ್ಟಿಲ್ಲ', 'ವಾಸ ದೃಢಪಟ್ಟಿಲ್ಲ' ಎಂಬ ಪತ್ರ ಬರುತ್ತದೆ. ಕರಾರು, ಕರೆಂಟ್ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರರಲ್ಲೂ ಒಂದೇ ಹೆಸರು, ಒಂದೇ ವಿಳಾಸ ಇರಲಿ. ಊರಲ್ಲಿ ಪೈಸಾರಿ (ಸರ್ಕಾರಿ) ಜಾಗದವರು, ತೋಟದ ಲೈನ್ ಮನೆಯ ಕೂಲಿಯವರು ಪರಿಹಾರಕ್ಕೆ ಅಲೆಯುವುದು ಹೆಚ್ಚಾಗಿ ಕೈಯಲ್ಲಿ ಕಾಗದವಿಲ್ಲದೆ. ಇಲ್ಲಿಯೂ ಅಜ್ಜನ ಹೆಸರಲ್ಲೇ ಉಳಿದ ಮನೆಗಳಲ್ಲಿರುವವರಿಗೆ ಅದೇ ಪಾಡಾಗಿತ್ತು. 2021ರಲ್ಲಿ ನಿಯಮ ಸಡಿಲಿಸಿದ ಮೇಲೆ ಸ್ವಲ್ಪ ಸುಧಾರಿಸಿದೆ.

ವಿಮೆ. ನೀನು ಈಗ ಮಾಡಿಸಿರುವ ಬಾಡಿಗೆದಾರರ ವಿಮೆ ಕಳ್ಳತನ, ಬೆಂಕಿಗೆ ಸರಿ; ಪ್ರವಾಹಕ್ಕೂ ಇಲ್ಲ, ಭೂಕುಸಿತಕ್ಕೂ ಇಲ್ಲ. ರಾಷ್ಟ್ರೀಯ ಪ್ರವಾಹ ವಿಮೆಯಲ್ಲಿ ಬಾಡಿಗೆದಾರ ತನ್ನ ಸಾಮಾನಿಗೆ 1,00,000 ಡಾಲರ್‌ವರೆಗೆ ಮಾಡಿಸಬಹುದು. ಕಟ್ಟಡದ 2,50,000 ಮನೆ ಮಾಲೀಕನ ಪಾಡು. ಇಲ್ಲೊಂದು ಸೂಕ್ಷ್ಮವಿದೆ, ಗುಡ್ಡದವರಾದ ನಾವು ಚೆನ್ನಾಗಿ ತಿಳಿದಿರಬೇಕು. ನೀರಿನ ಜೊತೆ ಹೊಳೆಯಂತೆ ಹರಿದು ಬಂದ ಕೆಸರಿಗೆ ಈ ವಿಮೆ ಉಂಟು. ಬರೆಯೇ ಜರಿದು ಮಣ್ಣಿನ ರಾಶಿ ಬಂದು ಬಿದ್ದರೆ ಇಲ್ಲ. ಕ್ಲೇಮ್ ಹಾಕುವಾಗ ನಡೆದದ್ದನ್ನು ಇದ್ದ ಹಾಗೆ ಬರೆ. ತೋಡು ಉಕ್ಕಿ ಕೆಸರು ಹರಿದು ಬಂದಿದ್ದರೆ ಅಷ್ಟನ್ನು ಬರೆ. ಎಲ್ಲದಕ್ಕೂ ಅಭ್ಯಾಸಬಲದಿಂದ 'ಗುಡ್ಡ ಕುಸಿಯಿತು' ಎಂದು ಬರೆದರೆ ನಿಜವಾಗಿ ಸಿಗಬೇಕಾದದ್ದೂ ತಪ್ಪುತ್ತದೆ. ಕಾರಿಗೆ 'ಕಾಂಪ್ರಹೆನ್ಸಿವ್' ಭಾಗ ಇರಲಿ, ನೀರು ನುಗ್ಗಿದರೆ ಅದೇ ಗತಿ.

ನೀರು ಇಳಿದ ಮೇಲೆ ಗುಡಿಸುವ ಮೊದಲು ಫೋಟೊ ತೆಗೆ. ಗೋಡೆಯಲ್ಲಿ ಕೆಸರಿನ ಗೆರೆ ಕಾಣುತ್ತದಲ್ಲ, ಅದರ ಪಕ್ಕ ಅಳತೆ ಟೇಪು ನೆಲದಿಂದ ನೇರ ನಿಲ್ಲಿಸಿ, ಅಂಗುಲದ ಅಂಕಿ ಓದುವಂತೆ ಒಂದು, ಪೂರ್ತಿ ಗೋಡೆ ಕಾಣುವಂತೆ ಇನ್ನೊಂದು. ಸುಮಾರು 18 ಅಂಗುಲ, ಅಂದರೆ ಗೋಡೆಯ ಪ್ಲಗ್ ಪಾಯಿಂಟಿನ ಎತ್ತರ, ಮಹಜರಿನಲ್ಲಿ ಸಣ್ಣ ಹಾನಿ ದೊಡ್ಡ ಹಾನಿಯಾಗುವ ಗೆರೆ. ಊರಲ್ಲಿ 2019ರಲ್ಲಿ ಶೇ 75ಕ್ಕಿಂತ ಹೆಚ್ಚು ಬಿದ್ದ ಮನೆ 'ಎ', ಅದಕ್ಕೆ 5 ಲಕ್ಷ ಎಂದಾಗ 'ಎ' ಯಾರಿಗೆ, 'ಬಿ' ಯಾರಿಗೆ ಎಂದು ಎಷ್ಟು ತಕರಾರು ನಡೆಯಿತು, ನೆನಪಿದೆ ತಾನೆ? ಟೇಪಿನ ಫೋಟೊ ಇದ್ದವನ ಜೊತೆ ವಾದಿಸುವುದು ಕಷ್ಟ. ನೋಡಲು ಬರುವ ಇನ್‌ಸ್ಪೆಕ್ಟರ್ ಬಳಿ ಫೋಟೊ ಇರುವ ಗುರುತಿನ ಚೀಟಿ ಇರುತ್ತದೆ, ದುಡ್ಡು ಕೇಳುವುದಿಲ್ಲ. ಕೇಳಿದರೆ ಅವನು ಕಳ್ಳ.

ಮೊದಲ ಪತ್ರದಲ್ಲಿ 'ಅರ್ಹರಲ್ಲ' ಎಂದು ಬಂದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡ. ಬಹಳ ಸಲ ಅದರ ಅರ್ಥ, ವಿಮಾ ಕಂಪನಿಯ ಉತ್ತರ ಲಗತ್ತಿಸಿಲ್ಲ ಎಂದಷ್ಟೇ. ಆ ಪತ್ರದ ತಾರೀಕಿನಿಂದ 60 ದಿನದೊಳಗೆ ಮೇಲ್ಮನವಿ ಹಾಕು, ಪ್ರತಿ ಪುಟದಲ್ಲೂ ಅರ್ಜಿ ಸಂಖ್ಯೆ ಬರೆ. ಕಡತ ಕದಲದಿದ್ದರೆ ನಿನ್ನ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಸ್ಥಳೀಯ ಕಚೇರಿಗೆ ಹೋಗು. ಜನರ ಅಹವಾಲು ನೋಡಲೆಂದೇ ಅಲ್ಲಿ ಸಿಬ್ಬಂದಿ ಇದ್ದಾರೆ, ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಫೀಮಾಕ್ಕೆ ವಿಚಾರಣೆ ಕಳಿಸುತ್ತಾರೆ. ನೀನು ಮತದಾರನಲ್ಲದಿದ್ದರೂ ಕೇಳಬಹುದು. ಅವರು ಯಾವ ಪಕ್ಷವೆಂದು ನೋಡಬೇಡ. ಎಚ್ಚರಿಕೆ ಒಂದಿದೆ: ಗ್ರೀನ್ ಕಾರ್ಡ್ ಇಲ್ಲದವರು ಇಲ್ಲಿನ ಯಾವ ಚುನಾವಣಾ ನಿಧಿಗೂ ಒಂದು ಡಾಲರ್ ಕೊಡುವಂತಿಲ್ಲ. ಪ್ರಜೆಯಾಗದೆ ಮತ ಹಾಕಿದರೆ ಗಡೀಪಾರಿನವರೆಗೆ ಹೋಗುತ್ತದೆ. ಲೈಸೆನ್ಸ್ ಮಾಡಿಸುವಾಗ ಮತದಾರ ನೋಂದಣಿಯ ಚೌಕಕ್ಕೆ ಮರೆತೂ ಟಿಕ್ ಹಾಕಬೇಡ.

ಫೋನಿನ ತುರ್ತು ಎಚ್ಚರಿಕೆಯನ್ನು ರಾತ್ರಿ ಕಿರುಚುತ್ತದೆ ಎಂದು ಆಫ್ ಮಾಡಿದ್ದರೆ ಈಗಲೇ ಆನ್ ಮಾಡು, ಕೌಂಟಿಯ ಎಚ್ಚರಿಕೆ ಪಟ್ಟಿಗೂ ನಂಬರ್ ಕೊಡು. ನಮ್ಮ ಕೊಡಗಿನ ಜೋರು ಮಳೆಯ ಕಕ್ಕಡ ತಿಂಗಳಿನಂತೆ ಇಲ್ಲಿನ ಕಕ್ಕಡ ಎಂದರೆ ಜೂನ್ 1ರಿಂದ ನವೆಂಬರ್ 30ರ ಚಂಡಮಾರುತದ ಋತು. ಪ್ರವಾಹ ವಿಮೆ ಮಾಡಿಸಿದ 30 ದಿನದ ನಂತರವೇ ಜಾರಿಗೆ ಬರುವುದು, ಹಾಗಾಗಿ ಏಪ್ರಿಲ್ ಮುಗಿಯುವುದರೊಳಗೆ ಏಜೆಂಟನಿಗೆ ಫೋನ್ ಮಾಡು.