ಹತ್ತಾರು ವರ್ಷ ಆದ ಮೇಲೂ ಡಾಕ್ಟರಿಗೆ ಕುತೂಹಲ ಉಳಿದಿರುತ್ತಾ?

ದಿನಕ್ಕೆ ಎಪ್ಪತ್ತು ಎಂಬತ್ತು ಜನರನ್ನು ನೋಡುವ ಡಾಕ್ಟರಿಗೆ ಕುತೂಹಲ ಉಳಿದಿರುತ್ತಾ, ಉಳಿದರೆ ರೋಗಿಗೆ ಅದರಿಂದ ಏನು ಲಾಭ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಫಿಸಿಶಿಯನ್. ನನ್ನ ಮಟ್ಟಿಗೆ ಅದು ತಾನಾಗಿ ಉಳಿಯಲಿಲ್ಲ. ಮೇಷ್ಟ್ರು ಹಚ್ಚಿದ್ದು, ನಡುವೆ ಒಮ್ಮೆ ಮಂಕಾಗಿತ್ತು.

ವಿದ್ಯಾರ್ಥಿಯಾಗಿದ್ದಾಗ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ಇಲ್ಲಿನ ಹತ್ತಿ ಮಿಲ್ಲಿನಲ್ಲಿ ದುಡಿದವರು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಬೀಡಿ ಸೇದ್ತೀರಾ, ಕಫ ಬರುತ್ತಾ ಅಂತ ಕೇಳಿ ನಾವು ಮುಗಿಸಿದ್ದೆವು. ಮೇಷ್ಟ್ರು ಬಂದು ಮಂಚದ ತುದಿಗೆ ಕೂತರು. "ಅಜ್ಜಾ, ಮೊದಮೊದಲು ವಾರದಲ್ಲಿ ಯಾವ ದಿನ ದಮ್ಮು ಜಾಸ್ತಿ ಆಗ್ತಿತ್ತು?"

"ಸೋಮವಾರ ರೀ."

ಭಾನುವಾರ ರಜೆ. ಸೋಮವಾರ ಮತ್ತೆ ಹತ್ತಿ ಧೂಳಿಗೆ ಹೋದರೆ ಎದೆ ಬಿಗಿಯುತ್ತೆ, ದಿನ ಕಳೆದಂತೆ ಸಡಿಲವಾಗುತ್ತೆ. ವರ್ಷಗಟ್ಟಲೆ ಹೀಗೇ ಆದರೆ ವಾರವಿಡೀ ಬಿಗಿತ. ಬಿಸಿನೋಸಿಸ್ ಅಂತಾರೆ. ಆ ಒಂದು ಪ್ರಶ್ನೆಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಇಟಲಿಯ ರಾಮಾಜಿನಿ ಅನ್ನೋ ವೈದ್ಯರ ಕಥೆಯೂ ಅವತ್ತೇ ಕೇಳಿದ್ದು. ಅವರ ಮನೆಯ ಮಲದ ಗುಂಡಿ ತೆಗೆಯುತ್ತಿದ್ದವನು ಜೀವ ಹೋಗುವ ಹಾಗೆ ಅವಸರ ಮಾಡುತ್ತಿದ್ದ. ಯಾಕಪ್ಪಾ ಅಂತ ಇವರು ಕೇಳಿದರು. ಇಲ್ಲಿ ಜಾಸ್ತಿ ಹೊತ್ತು ನಿಂತರೆ ಕಣ್ಣೇ ಹೋಗುತ್ತೆ ಅಂದನಂತೆ. ಅಲ್ಲಿಂದ ಹಿಡಿದು ಹತ್ತಾರು ಕಸುಬುಗಳ ಕಾಯಿಲೆ ಹುಡುಕಿ 1700ರಲ್ಲಿ ಪುಸ್ತಕ ಬರೆದರು. ರೋಗಿಯನ್ನು ನೋಡುವಾಗ 'ಏನು ಕೆಲಸ ಮಾಡ್ತೀರಿ' ಅಂತಲೂ ಕೇಳಿ ಅಂತ ವೈದ್ಯರಿಗೆ ಹೇಳಿದವರು ಅವರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದೆ. ಕೆಮ್ಮು, ದಮ್ಮು ಅಂತ ಒಬ್ಬ ತಾಯಿ ಮೂರು ಸಲ ಬಂದಿದ್ದರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಕಫದಲ್ಲಿ ಟಿಬಿ ಇಲ್ಲ. ಅಸ್ತಮಾ ಅಂತ ಬರೆದು ಕಳಿಸಿದ್ದೆ. ನಾಲ್ಕನೇ ಸಲ ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಬಿಳಿ ಸೆರಗಿನ ಮೇಲೆ ಕಪ್ಪು ಗೆರೆ ಮೂಡಿತು. ಆಗ ಕೇಳಿದೆ, ಏನು ಕೆಲಸಮ್ಮ? "ಮಂಡಕ್ಕಿ ಭಟ್ಟಿ ರೀ. ಹದಿನೆಂಟು ವರ್ಷ ಆತು."

ಈ ಊರಲ್ಲಿ ಮಂಡಕ್ಕಿ ಮಿರ್ಚಿ ತಿನ್ನದವರು ಯಾರಿದ್ದಾರೆ? ಆದರೆ ನಾನು ಭಟ್ಟಿಯ ಒಳಗೆ ಕಾಲಿಟ್ಟಿರಲಿಲ್ಲ. ಅವತ್ತು ಸಂಜೆ ಹೋದೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಅರಳುತ್ತೆ, ತಕ್ಷಣ ಜರಡಿ ಹಿಡಿಯಬೇಕು. ಒಲೆ ಬಿಟ್ಟು ಅತ್ತಿತ್ತ ಸರಿಯೋಕೆ ಪುರುಸೊತ್ತಿಲ್ಲ. ಹೊಗೆ ಪೂರ್ತಿ ಅವರು ನಿಲ್ಲುವ ಕಡೆಗೇ ಬರುತ್ತಿತ್ತು. ಹತ್ತು ನಿಮಿಷಕ್ಕೆ ನನ್ನ ಗಂಟಲು ಕಟ್ಟಿತು.

ಆಮೇಲೆ ಉಸಿರು ಊದುವ ಪರೀಕ್ಷೆ ಮಾಡಿಸಿದರೆ ಸಿಒಪಿಡಿ, ಅಂದರೆ ಉಸಿರಿನ ಕೊಳವೆಗಳು ಕಿರಿದಾಗಿ ಹಾಗೇ ಉಳಿಯುವ ಕಾಯಿಲೆ. ಬೀಡಿ ಸೇದದ ಹೆಂಗಸರಿಗೂ ಒಲೆ ಹೊಗೆಯಿಂದ ಇದು ಬರುತ್ತೆ. ಔಷಧಿ ಬದಲಾಯಿಸಿದೆ. ಆದರೆ ಕೆಟ್ಟ ಶ್ವಾಸಕೋಶ ಪೂರ್ತಿ ಮೊದಲಿನಂತೆ ಆಗೋದಿಲ್ಲ. ಮೊದಲ ಸಲವೇ ಕೇಳಿದ್ದರೆ ಅನ್ನೋ ನೋವು ನನಗೆ ಇವತ್ತಿಗೂ ಇದೆ.

ಕೆಲಸ ಬಿಡಿ ಅಂತ ಸುಮ್ನೆ ಹೇಳೋಕಾಗುತ್ತಾ, ಮನೆ ನಡೆಯೋದೇ ಅದರಲ್ಲಿ. ಮಾಲೀಕರ ಜೊತೆ ಮಾತಾಡಿದೆ, ಚೀಲ ತುಂಬುವ ಕಡೆ ಹಾಕಿದರು. ಈಗ ಅವರು ಬಂದಾಗ ನಾನು ಬಾಯಿ ತೆರೆಯುವ ಮೊದಲೇ, ಈ ವಾರ ಒಲೆಗೆ ಏನು ಹಾಕಿದರು, ಗಾಳಿ ಯಾವ ಕಡೆ ಬೀಸ್ತು ಅಂತ ಶುರು ಮಾಡ್ತಾರೆ.